ಗಾಳಿ ತಾಕಬಾರದ ವಸ್ತು: ಬ್ಯುಟೈಲ್ ಲಿಥಿಯಂ ಕುರಿತು ಪಾಲಕರಿಗೂ ದಾನಿಗಳಿಗೂ ನಾಲ್ಕು ಮಾತು

(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಟ್ರಸ್ಟಿನ ಪರವಾಗಿ ಮಾಡಿದ ಭಾಷಣದ ಪಠ್ಯ)





ವರ್ಷದ ಜಮಾ-ಖರ್ಚನ್ನು ಓದಿ ಹೇಳುವ ಮೊದಲು, ನಮ್ಮ ಮಕ್ಕಳು ಕಲಿಯುತ್ತಿರುವ ವಿಷಯಗಳಲ್ಲಿ ಒಂದನ್ನು ಎಲ್ಲರಿಗೂ ತಿಳಿಯುವಂತೆ ಹೇಳುವುದು ಈ ಸಭೆಯ ರೂಢಿ. ಹಣ ಕೊಟ್ಟವರಿಗೆ ಅದು ಎಲ್ಲಿ ಹೋಯಿತೆಂದು ತಿಳಿಯಬೇಕು. ಮಕ್ಕಳನ್ನು ಓದಲು ಕಳಿಸಿದವರಿಗೆ ಮಕ್ಕಳು ಏನು ಓದುತ್ತಿದ್ದಾರೆಂದು ತಿಳಿಯಬೇಕು. ಎರಡೂ ಅಮಾನತ್ತಿನ ಮಾತೇ.

ಈ ಸಲ ರಸಾಯನಶಾಸ್ತ್ರವನ್ನು ಆರಿಸಿಕೊಂಡಿದ್ದೇವೆ. ಕಾರಣ ಸರಳ. ಡಾಕ್ಟರ್, ಎಂಜಿನಿಯರ್, ನರ್ಸ್, ಶಿಕ್ಷಕಿ ಎಂದರೆ ಮನೆಯವರಿಗೆ ಕಣ್ಣ ಮುಂದೆ ಚಿತ್ರ ಬರುತ್ತದೆ. ಮಗಳು ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮಾಡುತ್ತಾಳೆ ಎಂದರೆ ಯಾವ ಚಿತ್ರವೂ ಬರುವುದಿಲ್ಲ. "ಅದನ್ನು ಓದಿ ಏನು ಮಾಡುತ್ತಾಳೆ?" ಎಂದು ಪಾಲಕರು ನಮ್ಮನ್ನು ಕೇಳುತ್ತಾರೆ. ಇನ್ನೊಂದು ಕಾರಣವೂ ಉಂಟು. ಸ್ನಾತಕೋತ್ತರ ಮಕ್ಕಳ ಅರ್ಜಿಗಳಲ್ಲಿ ಫೀಸು, ಹಾಸ್ಟೆಲ್, ಬಸ್ ಪಾಸಿನ ಜೊತೆಗೆ ಈಗ "ಪ್ರಯೋಗಾಲಯದ ಕೋಟು, ಕನ್ನಡಕ, ಕೈಗವಸು" ಎಂಬ ಸಾಲೂ ಬರುತ್ತಿದೆ. ಇದು ಬೇಕೋ ಬೇಡವೋ ಎಂದು ನಮ್ಮ ಸಮಿತಿಯಲ್ಲಿ ಚರ್ಚೆಯಾಯಿತು. ಆ ಚರ್ಚೆಗೆ ಉತ್ತರ ಒಂದು ಬಾಟಲಿಯೊಳಗಿದೆ. ಬಾಟಲಿಯೊಳಗಿನ ವಸ್ತುವಿನ ಹೆಸರು ಬ್ಯುಟೈಲ್ ಲಿಥಿಯಂ.

ಮೊದಲು ಲಿಥಿಯಂ

ಲಿಥಿಯಂ ಎಂಬ ಹೆಸರು ಈಗ ಹಳ್ಳಿಯಲ್ಲೂ ಹೊಸದಲ್ಲ. ಮೊಬೈಲಿನ ಬ್ಯಾಟರಿ, ಎಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿ ಎಲ್ಲದರಲ್ಲೂ ಅದು ಇದೆ. 1817ರಲ್ಲಿ ಸ್ವೀಡನ್ನಿನ ಯೋಹಾನ್ ಆಗಸ್ಟ್ ಅರ್ಫ್‌ವೆಡ್ಸನ್ ಎಂಬ ತರುಣ ಪೆಟಲೈಟ್ ಎಂಬ ಕಲ್ಲನ್ನು ಪರೀಕ್ಷಿಸುವಾಗ ಈ ಧಾತು ಇರುವುದನ್ನು ಕಂಡುಕೊಂಡ. ಕಲ್ಲಿನಲ್ಲಿ ಸಿಕ್ಕಿದ್ದರಿಂದ ಗ್ರೀಕ್ ಭಾಷೆಯ ಕಲ್ಲು ಎಂಬರ್ಥದ ಪದದಿಂದ ಅದಕ್ಕೆ ಹೆಸರು ಬಂತು. ನಮ್ಮ ರಾಜ್ಯದಲ್ಲಿಯೂ ಮಂಡ್ಯ ಜಿಲ್ಲೆಯ ಮರಳಗಾಲ ಪ್ರದೇಶದ ಕಲ್ಲಿನಲ್ಲಿ ಸುಮಾರು 1,600 ಟನ್ ಲಿಥಿಯಂ ಇರಬಹುದೆಂದು ಕೇಂದ್ರ ಸರ್ಕಾರದ ಅಣು ಖನಿಜ ನಿರ್ದೇಶನಾಲಯ ಅಂದಾಜು ಮಾಡಿದೆ.

ಧಾತುಗಳ ಪಟ್ಟಿಯಲ್ಲಿ ಇದು 3ನೆಯದು. ಲೋಹಗಳಲ್ಲೆಲ್ಲ ಅತಿ ಹಗುರ. ಒಂದು ಘನ ಸೆಂಟಿಮೀಟರಿಗೆ ಸುಮಾರು 0.53 ಗ್ರಾಂ ಮಾತ್ರ, ಅಂದರೆ ನೀರಿನ ತೂಕದ ಅರ್ಧಕ್ಕಿಂತ ತುಸು ಹೆಚ್ಚು. ಚಾಕುವಿನಿಂದ ಕೊಯ್ಯುವಷ್ಟು ಮೆತ್ತಗಿರುತ್ತದೆ, ಎಣ್ಣೆಯ ಮೇಲೂ ತೇಲುತ್ತದೆ.

ಇಲ್ಲಿ ಒಂದು ಮಾತನ್ನು ಗಮನವಿಟ್ಟು ಕೇಳಬೇಕು. ಲಿಥಿಯಂ ಎಂಬ ಹೆಸರಿದ್ದ ಮಾತ್ರಕ್ಕೆ ಎಲ್ಲವೂ ಒಂದೇ ವಸ್ತುವಲ್ಲ. ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆಗೆ ಮನೆಯ ರೋಗಿಯನ್ನು ಕರೆದುಕೊಂಡು ಹೋದವರು ನಮ್ಮಲ್ಲಿ ಇದ್ದಾರೆ. ಅತಿ ಉತ್ಸಾಹ ಮತ್ತು ಅತಿ ಖಿನ್ನತೆ ಮಾರಿಮಾರಿ ಬರುವ ಕಾಯಿಲೆಗೆ ಮನೋವೈದ್ಯರು ಲಿಥಿಯಂ ಕಾರ್ಬೊನೇಟ್ ಗುಳಿಗೆ ಬರೆದುಕೊಡುವುದುಂಟು. ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್ 1949ರಲ್ಲಿ ಅದರ ಉಪಯೋಗವನ್ನು ಪ್ರಕಟಿಸಿದರು. ರಕ್ತ ಪರೀಕ್ಷೆ ಮಾಡಿಸುತ್ತಾ, ವೈದ್ಯರು ಹೇಳಿದ ಪ್ರಮಾಣದಲ್ಲಿ ತೆಗೆದುಕೊಂಡರೆ ಅದು ಔಷಧ. ಈಗ ನಾವು ಹೇಳಹೊರಟಿರುವ ಬ್ಯುಟೈಲ್ ಲಿಥಿಯಂ ಗಾಳಿಯಲ್ಲಿ ಹೊಗೆಯಾಡುವ, ಬೆಂಕಿ ಹಿಡಿಯಬಲ್ಲ ದ್ರವ. ಎರಡರಲ್ಲೂ ಅದೇ ಲಿಥಿಯಂ ಇದೆ. ಅದು ಯಾರ ಕೈ ಹಿಡಿದಿದೆ ಎಂಬುದರ ಮೇಲೆ ಗುಣ ಬದಲಾಗುತ್ತದೆ. ರಸಾಯನಶಾಸ್ತ್ರದ ಮೊದಲ ಪಾಠವೇ ಇದು.

ಇದು ಯಾವ ವಸ್ತು?

ಬ್ಯುಟೈಲ್ ಲಿಥಿಯಂನ ಒಂದು ಘಟಕದಲ್ಲಿ 4 ಇಂಗಾಲ, 9 ಜಲಜನಕ, 1 ಲಿಥಿಯಂ ಪರಮಾಣು ಇರುತ್ತವೆ. ನಾಲ್ಕು ಇಂಗಾಲಗಳು ಸರಪಳಿಯಂತೆ ಸಾಲಾಗಿ ನಿಂತಿರುತ್ತವೆ, ಕೊನೆಯ ಇಂಗಾಲ ಲಿಥಿಯಂನ ಕೈ ಹಿಡಿದಿರುತ್ತದೆ. ಅಣುತೂಕದ ಲೆಕ್ಕ 64.06. ಇಂಗಾಲಕ್ಕೂ ಲಿಥಿಯಂಗೂ ನೇರ ಬಂಧವಿರುವ ಇಂಥ ವಸ್ತುಗಳಿಗೆಲ್ಲ ಆರ್ಗನೊಲಿಥಿಯಂ ಸಂಯುಕ್ತಗಳೆಂದು ಹೆಸರು.

ಅದೇ ನಾಲ್ಕು ಇಂಗಾಲ, ಒಂಬತ್ತು ಜಲಜನಕ, ಒಂದು ಲಿಥಿಯಂ ಇಟ್ಟುಕೊಂಡು ಬೇರೆ ರೀತಿಯಲ್ಲೂ ಜೋಡಿಸಬಹುದು. ಲಿಥಿಯಂ ಸರಪಳಿಯ ತುದಿಗೆ ಇದ್ದರೆ ನಾರ್ಮಲ್ ಬ್ಯುಟೈಲ್, ನಡುವಿನ ಇಂಗಾಲಕ್ಕೆ ಇದ್ದರೆ ಸೆಕೆಂಡರಿ ಬ್ಯುಟೈಲ್, ಮೂರು ಇಂಗಾಲಗಳಿಂದ ಸುತ್ತುವರಿದ ಇಂಗಾಲಕ್ಕೆ ಇದ್ದರೆ ಟರ್ಷರಿ ಬ್ಯುಟೈಲ್ ಲಿಥಿಯಂ. ತೂಕ ಒಂದೇ, ಸ್ವಭಾವ ಬೇರೆ. ಟರ್ಷರಿಯದು ಎಲ್ಲಕ್ಕಿಂತ ಮುಂಗೋಪಿ, ಗಾಳಿ ತಾಕಿದ ಕ್ಷಣ ಹೊತ್ತಿಕೊಳ್ಳುತ್ತದೆ.

ಹಾಗಾದರೆ ಹೆಸರಿನಲ್ಲಿ ಗೊಂದಲವಾಗುವುದಿಲ್ಲವೇ? ಆಗುತ್ತದೆ. ಒಂದೇ ವಸ್ತುವನ್ನು ಒಬ್ಬರು ಬ್ಯುಟೈಲ್ ಲಿಥಿಯಂ ಎಂದರೆ, ಇನ್ನೊಬ್ಬರು ಲಿಥಿಯಂ ಬ್ಯುಟೈಲ್ ಎನ್ನುತ್ತಾರೆ, ಪ್ರಯೋಗಾಲಯದಲ್ಲಿ ಚುಟುಕಾಗಿ ಬ್ಯುಲಿ ಎನ್ನುತ್ತಾರೆ. ಅದಕ್ಕಾಗಿ ಜಗತ್ತಿನ ರಾಸಾಯನಿಕಗಳಿಗೆಲ್ಲ ಸಿಎಎಸ್ ಎಂಬ ನೋಂದಣಿ ಸಂಖ್ಯೆ ಕೊಟ್ಟಿದ್ದಾರೆ. ನಾರ್ಮಲ್ ಬ್ಯುಟೈಲ್ ಲಿಥಿಯಂನ ಸಂಖ್ಯೆ 109-72-8. ಟರ್ಷರಿಯದು 594-19-4. ನಾವು ಹೇಳಿದ ಗುಳಿಗೆಯ ಲಿಥಿಯಂ ಕಾರ್ಬೊನೇಟಿನದು 554-13-2. ಹೆಸರು ಎಷ್ಟೇ ಇರಲಿ, ಬಾಟಲಿಯ ಮೇಲೆ ಈ ಸಂಖ್ಯೆ ನೋಡಿದರೆ ಒಳಗೆ ಏನಿರಬೇಕೆಂದು ತಿಳಿಯುತ್ತದೆ.

ಈ ಸಂಖ್ಯೆಯ ಕೊನೆಯ ಅಂಕಿಯಲ್ಲಿ ಒಂದು ಜಾಣತನವಿದೆ. ಎಂಟನೇ ತರಗತಿಯ ಮಕ್ಕಳೂ ಮಾಡಬಹುದಾದ ಲೆಕ್ಕ. 109-72 ಎಂಬ ಅಂಕಿಗಳನ್ನು ಬಲಗಡೆಯಿಂದ ಹಿಡಿದು ಕ್ರಮವಾಗಿ 1, 2, 3, 4, 5ರಿಂದ ಗುಣಿಸಿ. ಎರಡೊಂದಲೆ 2, ಏಳೆರಡಲೆ 14, ಒಂಬತ್ತು ಮೂರಲೆ 27, ಸೊನ್ನೆ ನಾಲ್ಕಲೆ 0, ಒಂದೈದಲೆ 5. ಒಟ್ಟು 48. ಅದರ ಕೊನೆಯ ಅಂಕಿ 8, ಸಂಖ್ಯೆಯ ಕೊನೆಯಲ್ಲಿ ಇರುವುದೂ 8. ಯಾರಾದರೂ ಅವಸರದಲ್ಲಿ 109ರ ಬದಲು 190 ಎಂದು ಬರೆದರೆ ಮೊತ್ತ 57 ಆಗುತ್ತದೆ. 7 ಬಂತು, 8 ಬರಲಿಲ್ಲ. ತಪ್ಪು ಅಲ್ಲೇ ಸಿಕ್ಕಿಬಿತ್ತು. ನಮ್ಮ ಆಧಾರ್ ಸಂಖ್ಯೆಯ 12ನೇ ಅಂಕಿಯೂ ಇದೇ ಬಗೆಯ ಕಾವಲುಗಾರ, ಅದರ ಲೆಕ್ಕ ಮಾತ್ರ ಬೇರೆ.

ಪಾಲಕರೇ, ಈ ಮಾತು ನಿಮಗೂ ಅನ್ವಯಿಸುತ್ತದೆ. ವಿದ್ಯಾರ್ಥಿವೇತನದ ಅರ್ಜಿಗಳು ತಡೆಯಾಗಿ ನಿಲ್ಲುವುದಕ್ಕೆ ಅಂಕ ಕಡಿಮೆಯಾದದ್ದೇ ಕಾರಣವಾಗಿರುವುದಿಲ್ಲ. ಮಾರ್ಕ್ಸ್ ಕಾರ್ಡಿನಲ್ಲಿ ಬೇಗಂ, ಆಧಾರಿನಲ್ಲಿ ಬಾನು. ಒಂದರಲ್ಲಿ ತಂದೆಯ ಹೆಸರಿನ ಮೊದಲು ಮಹಮ್ಮದ್, ಇನ್ನೊಂದರಲ್ಲಿ ಮೊಹ್ಮದ್, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಬರೀ ಒಂದಕ್ಷರ. ಮನೆಯಲ್ಲಿ ನಮಗೆ ಎಲ್ಲವೂ ಒಬ್ಬಳೇ ಮಗಳು. ಕಂಪ್ಯೂಟರಿಗೆ ಮೂವರು ಮಕ್ಕಳು. ಹತ್ತನೇ ತರಗತಿಯ ನೋಂದಣಿಗೆ ಮೊದಲೇ ಎಲ್ಲ ಕಾಗದದಲ್ಲೂ ಒಂದೇ ಹೆಸರು, ಒಂದೇ ಕಾಗುಣಿತ ಮಾಡಿಸಿಕೊಳ್ಳಿ. ಆಧಾರ್ ಜೋಡಣೆಯಾದ ಖಾತೆ ಮಗುವಿನ ಹೆಸರಿನಲ್ಲೇ ಚಾಲ್ತಿಯಲ್ಲಿರಲಿ. ಹೆಸರು ಸರಿಪಡಿಸಲು ಬಂದ ಯಾರನ್ನೂ ನಮ್ಮ ಕಚೇರಿ ಬರಿಗೈಯಲ್ಲಿ ಕಳಿಸುವುದಿಲ್ಲ, ಅರ್ಜಿ ತುಂಬಿ ಕೊಡುತ್ತೇವೆ.

ಅದರ ಗುಣವೇನು?

ಶುದ್ಧ ಬ್ಯುಟೈಲ್ ಲಿಥಿಯಂ ಬಣ್ಣವಿಲ್ಲದ ದ್ರವ. ಹಾಗೆ ಶುದ್ಧವಾಗಿ ಅದನ್ನು ಯಾರೂ ಮಾರುವುದಿಲ್ಲ. ಹೆಕ್ಸೇನ್ ಎಂಬ, ಪೆಟ್ರೋಲಿನ ಜಾತಿಯ ದ್ರವದಲ್ಲಿ ಕರಗಿಸಿ ಮಾರುತ್ತಾರೆ. ಬಣ್ಣವಿಲ್ಲದ ಅಥವಾ ತುಸು ಹಳದಿ ಛಾಯೆಯ ದ್ರಾವಣ. 1.6 ಮೋಲಾರ್ ಎಂಬ ಸಾಮಾನ್ಯ ಬಲದ 100 ಮಿಲಿಲೀಟರ್ ಬಾಟಲಿಯಲ್ಲಿ ಇರುವ ನಿಜವಾದ ಬ್ಯುಟೈಲ್ ಲಿಥಿಯಂ ಸುಮಾರು 10 ಗ್ರಾಂ ಮಾತ್ರ. ಉಳಿದದ್ದು ಹೆಕ್ಸೇನ್. ಆ ಹೆಕ್ಸೇನ್ ಕೂಡ ಸುಲಭವಾಗಿ ಹೊತ್ತಿಕೊಳ್ಳುವ ವಸ್ತು ಎಂಬುದನ್ನು ಮರೆಯಬಾರದು.

ಅದಕ್ಕೆ ಈ ಉಗ್ರ ಗುಣ ಏಕೆ ಬಂತು? ಎರಡು ಪರಮಾಣುಗಳು ಕೈ ಹಿಡಿದಾಗ ನಡುವಿನ ಎಲೆಕ್ಟ್ರಾನ್‌ಗಳನ್ನು ಯಾರು ಹೆಚ್ಚು ಎಳೆದುಕೊಳ್ಳುತ್ತಾರೆಂದು ಅಳೆಯಲು ಪೌಲಿಂಗ್ ಅಳತೆ ಎಂಬುದಿದೆ. ಅದರಲ್ಲಿ ಇಂಗಾಲಕ್ಕೆ 2.55, ಲಿಥಿಯಂಗೆ 0.98. ಹಗ್ಗ ಜಗ್ಗಾಟದಲ್ಲಿ ಇಂಗಾಲವೇ ಗೆಲ್ಲುತ್ತದೆ. ಎಲೆಕ್ಟ್ರಾನ್‌ಗಳೆಲ್ಲ ಇಂಗಾಲದ ಕಡೆಗೆ ವಾಲುತ್ತವೆ. ಹೀಗೆ ತುಂಬಿ ತುಳುಕುವ ಇಂಗಾಲ ಸುಮ್ಮನಿರಲಾರದು. ಯಾರ ಬಳಿ ಬಿಟ್ಟುಕೊಡಬಲ್ಲ ಜಲಜನಕ ಇದೆಯೋ ಅವರಿಂದ ಕಿತ್ತುಕೊಳ್ಳುತ್ತದೆ. ಇಂಥ ವಸ್ತುವಿಗೆ ಪ್ರತ್ಯಾಮ್ಲ ಎನ್ನುತ್ತಾರೆ. ನಮ್ಮ ಮನೆಯ ಸುಣ್ಣವೂ ಪ್ರತ್ಯಾಮ್ಲವೇ. ಆದರೆ ಬ್ಯುಟೈಲ್ ಲಿಥಿಯಂನ ಬಲದ ಮುಂದೆ ಸುಣ್ಣದ ಬಲ ಲೆಕ್ಕಕ್ಕೇ ಬರುವುದಿಲ್ಲ.

ಮನೆಗೆ ಬಳಿಯಲು ಸುಟ್ಟ ಸುಣ್ಣದ ಕಲ್ಲಿಗೆ ನೀರು ಹಾಕಿದಾಗ ಕೊತಕೊತ ಕುದಿಯುವುದನ್ನು ಹಿರಿಯರು ನೋಡಿದ್ದೀರಿ. ಬ್ಯುಟೈಲ್ ಲಿಥಿಯಂಗೆ ನೀರು ತಾಕಿದರೆ ಅಂಥ ಕಾವಿನ ಜೊತೆಗೆ ಬ್ಯುಟೇನ್ ಅನಿಲವೂ ಹೊರಬರುತ್ತದೆ. ಬ್ಯುಟೇನ್ ಎಂದರೆ ನಮ್ಮ ಅಡುಗೆ ಅನಿಲದ ಸಿಲಿಂಡರಿನಲ್ಲಿ ಇರುವ ಅನಿಲಗಳಲ್ಲಿ ಒಂದು. ಆ 100 ಮಿಲಿಲೀಟರ್ ಬಾಟಲಿಯ ವಸ್ತು ಪೂರ್ತಿ ನೀರಿನ ಜೊತೆ ಸೇರಿದರೆ ಸುಮಾರು 4 ಲೀಟರ್ ಬ್ಯುಟೇನ್ ಹುಟ್ಟುತ್ತದೆ. ಕಾವು, ಅನಿಲ, ಹೆಕ್ಸೇನ್, ಸುತ್ತಲಿನ ಗಾಳಿ ನಾಲ್ಕೂ ಒಂದೆಡೆ ಸೇರಿದರೆ ಮುಂದೇನಾಗುತ್ತದೆಂದು ಅಡುಗೆ ಮಾಡುವ ತಾಯಂದಿರಿಗೆ ಹೇಳಬೇಕಾಗಿಲ್ಲ.

ಗಾಳಿಯ ಆಮ್ಲಜನಕದ ಜೊತೆಗೂ ಅದು ಸೇರುತ್ತದೆ. ನಾವು ಉಸಿರು ಬಿಡುವ ಇಂಗಾಲದ ಡೈಆಕ್ಸೈಡ್ ಜೊತೆಗೂ ಸೇರುತ್ತದೆ. ಆದ್ದರಿಂದ ಅದಕ್ಕೆ ಬೆಂಕಿ ಬಿದ್ದರೆ ನೀರು ಹಾಕುವಂತಿಲ್ಲ, ಇಂಗಾಲದ ಡೈಆಕ್ಸೈಡ್ ಸಿಲಿಂಡರನ್ನೂ ಬಳಸುವಂತಿಲ್ಲ. ಒಣ ಮರಳು ಅಥವಾ ಅದಕ್ಕೆಂದೇ ಇರುವ ಒಣ ಪುಡಿಯ ನಂದಿಸುವ ಸಾಧನ ಪಕ್ಕದಲ್ಲೇ ಇರಬೇಕು.

ಇನ್ನೊಂದು ಗುಣ. ಈ ವಸ್ತು ಒಂಟಿಯಾಗಿ ಇರುವುದಿಲ್ಲ. ಹೆಕ್ಸೇನಿನಲ್ಲಿ ಆರಾರು ಘಟಕಗಳು ಗುಂಪಾಗಿ ಇರುತ್ತವೆ, ಈಥರ್ ಎಂಬ ದ್ರವದಲ್ಲಿ ನಾಲ್ಕು ನಾಲ್ಕಾಗಿ ಇರುತ್ತವೆ. ಗುಂಪು ಚಿಕ್ಕದಾದಷ್ಟೂ ಚುರುಕು ಹೆಚ್ಚು. ಹಾಗಾಗಿ ಯಾವ ದ್ರವದಲ್ಲಿ ಕೆಲಸ ಮಾಡುತ್ತೇವೆ ಎಂಬುದೂ ಮುಖ್ಯ.

ಕೊನೆಯದಾಗಿ, ಇಟ್ಟಲ್ಲೇ ಇಟ್ಟರೂ ಅದು ಮೆಲ್ಲಗೆ ಕೆಡುತ್ತದೆ. ಬ್ಯುಟೀನ್ ಅನಿಲವಾಗಿಯೂ ಲಿಥಿಯಂ ಹೈಡ್ರೈಡ್ ಎಂಬ ಪುಡಿಯಾಗಿಯೂ ಒಡೆಯುತ್ತದೆ. ಕಾವು ಹೆಚ್ಚಿದಷ್ಟೂ ಬೇಗ ಕೆಡುತ್ತದೆ, ಅದಕ್ಕೇ ತಣ್ಣಗೆ ಇಡುತ್ತಾರೆ. ಹಾಗಾಗಿ ಬಾಟಲಿಯ ಮೇಲೆ ಬರೆದ ಬಲವನ್ನು ನಂಬಿ ಕೆಲಸ ಶುರುಮಾಡುವಂತಿಲ್ಲ. ಹಾಲಿನ ಸಂಘದಲ್ಲಿ ಹಾಲಿನ ಫ್ಯಾಟ್ ಅಳೆದೇ ದರ ಹಾಕುವಂತೆ, ಬಳಸುವ ಮೊದಲು ಅದರ ಬಲವನ್ನು ಅಳೆಯುತ್ತಾರೆ. ತೂಕ ಮಾಡಿದ ಡೈಫೀನೈಲ್ ಅಸಿಟಿಕ್ ಆಮ್ಲಕ್ಕೆ ಹನಿ ಹನಿಯಾಗಿ ಹಾಕುತ್ತಾ ಹೋದರೆ ಒಂದು ಘಳಿಗೆಯಲ್ಲಿ ಹಳದಿ ಬಣ್ಣ ನಿಲ್ಲುತ್ತದೆ. ಅಲ್ಲಿಗೆ ಲೆಕ್ಕ ಸಿಕ್ಕಿತು.

ಯಾರು ಕಂಡುಹಿಡಿದರು, ಏತಕ್ಕೆ ಬೇಕು?

ಆರ್ಗನೊಲಿಥಿಯಂ ಸಂಯುಕ್ತಗಳನ್ನು ಮೊದಲು ತಯಾರಿಸಿ 1917ರಲ್ಲಿ ಪ್ರಕಟಿಸಿದವರು ಜರ್ಮನಿಯ ವಿಲ್ಹೆಲ್ಮ್ ಷ್ಲೆಂಕ್ ಮತ್ತು ಜೊಹಾನ್ನಾ ಹೋಲ್ಟ್ಜ್. ಹೋಲ್ಟ್ಜ್ ಒಬ್ಬ ಮಹಿಳೆ. ಮೊದಲನೇ ಮಹಾಯುದ್ಧದ ಕಾಲದಲ್ಲಿ, ಗಾಳಿ ತಾಕಿದರೆ ಉರಿಯುವ ವಸ್ತುಗಳನ್ನು ಗಾಜಿನ ನಳಿಗೆಗಳಲ್ಲಿ ಗಾಳಿಯಿಲ್ಲದಂತೆ ಮಾಡಿ ತಯಾರಿಸಿದ ಕೆಲಸದಲ್ಲಿ ಒಬ್ಬ ಹೆಣ್ಣುಮಗಳ ಹೆಸರು ಇದೆ ಎಂಬುದನ್ನು ನಮ್ಮ ಹೆಣ್ಣುಮಕ್ಕಳು ನೆನಪಿಡಲಿ. ಗಾಳಿ ಹೊರಗಿಟ್ಟು ಕೆಲಸ ಮಾಡುವ ಗಾಜಿನ ಪಾತ್ರೆಗಳಿಗೆ ಇಂದಿಗೂ ಷ್ಲೆಂಕ್ ಹೆಸರೇ ಇದೆ. 1930ರಲ್ಲಿ ಕಾರ್ಲ್ ಝೀಗ್ಲರ್ ಲಿಥಿಯಂ ಲೋಹದಿಂದ ನೇರವಾಗಿ ಇವನ್ನು ತಯಾರಿಸುವ ಸುಲಭ ದಾರಿ ತೋರಿಸಿದರು. ಬ್ಯುಟೈಲ್ ಕ್ಲೋರೈಡ್ ಜೊತೆ ಲಿಥಿಯಂ ಸೇರಿಸಿದರೆ ಬ್ಯುಟೈಲ್ ಲಿಥಿಯಂ ಬರುತ್ತದೆ, ಪಕ್ಕದಲ್ಲಿ ಲಿಥಿಯಂ ಕ್ಲೋರೈಡ್ ಎಂಬ ಉಪ್ಪು ಉಳಿಯುತ್ತದೆ. ಈಗಲೂ ಕಾರ್ಖಾನೆಗಳ ದಾರಿ ಅದೇ.

ಇಷ್ಟು ಅಪಾಯದ ವಸ್ತು ಏತಕ್ಕೆ ಬೇಕು ಎಂದು ಕೇಳಬಹುದು. ನೀವು ಕಾಲಿಗೆ ಹಾಕಿರುವ ಪಾದರಕ್ಷೆಯ ಅಟ್ಟೆಯನ್ನು ನೋಡಿ. ಸ್ಟೈರೀನ್ ಮತ್ತು ಬ್ಯುಟಡೈಈನ್ ಎಂಬ ಎರಡು ವಸ್ತುಗಳನ್ನು ಉದ್ದನೆಯ ಸರಪಳಿಯಾಗಿ ಪೋಣಿಸಿ ಮಾಡುವ ಒಂದು ಜಾತಿಯ ರಬ್ಬರಿನಿಂದ ಅಟ್ಟೆಗಳನ್ನು ಮಾಡುತ್ತಾರೆ. ಹೆದ್ದಾರಿಯ ಡಾಂಬರು ಬಿಸಿಲಿಗೆ ಕರಗದಂತೆ, ಚಳಿಗೆ ಬಿರಿಯದಂತೆ ಅದಕ್ಕೂ ಇದನ್ನು ಬೆರೆಸುತ್ತಾರೆ. ವಾಹನದ ಟೈರಿನ ಒಂದು ಬಗೆಯ ರಬ್ಬರೂ ಇದೇ ಕುಲದ್ದು. ಆ ಪೋಣಿಸುವ ಕೆಲಸಕ್ಕೆ ಮೊದಲ ಗಂಟು ಹಾಕುವುದು ಬ್ಯುಟೈಲ್ ಲಿಥಿಯಂ.

ಔಷಧದಲ್ಲಿಯೂ ಅದು ಬೇಕು. ಎಚ್‌ಐವಿ ಸೋಂಕಿಗೆ ಕೊಡುತ್ತಿದ್ದ ಎಫಾವಿರೆಂಜ್ ಎಂಬ ಔಷಧ ನಮ್ಮ ದೇಶದ ಎಆರ್‌ಟಿ ಕೇಂದ್ರಗಳಲ್ಲಿ ವರ್ಷಗಟ್ಟಲೆ ಮುಖ್ಯ ಗುಳಿಗೆಯ ಭಾಗವಾಗಿತ್ತು. ಅದನ್ನು ತಯಾರಿಸುವ ದಾರಿಯಲ್ಲಿ ಬ್ಯುಟೈಲ್ ಲಿಥಿಯಂ ಬೇಕಾಗುತ್ತದೆ. ಎಷ್ಟೋ ಮನೆಗಳ ಜೀವ ಉಳಿಸಿದ ಗುಳಿಗೆಯ ಹಿಂದೆ ಗಾಳಿ ತಾಕಬಾರದ ಈ ದ್ರವವನ್ನು ಎಚ್ಚರದಿಂದ ಹಿಡಿದ ಯಾರೋ ಕೆಲಸಗಾರರ ಕೈ ಇದೆ.

ಆ ಕೈ ನಾಳೆ ನಮ್ಮ ಮಗುವಿನದಾಗಬಹುದು. ಬಿ.ಎಸ್ಸಿ., ಎಂ.ಎಸ್ಸಿ. ಮುಗಿಸಿದ ನಮ್ಮ ಭಾಗದ ಮಕ್ಕಳು ಕೆಲಸ ಹುಡುಕಿಕೊಂಡು ಹೈದರಾಬಾದು, ಬೆಂಗಳೂರು, ಬೀದರಿನ ಔಷಧ ಕಾರ್ಖಾನೆಗಳಿಗೆ ಹೋಗುತ್ತಾರೆ. ಅಲ್ಲಿ ಮೈನಸ್ 78 ಡಿಗ್ರಿಯಷ್ಟು ತಣ್ಣಗೆ ಮಾಡಿ, ಸಾರಜನಕದ ಹೊದಿಕೆಯಲ್ಲಿ ಇಂಥ ಕೆಲಸಗಳು ನಡೆಯುತ್ತವೆ. ಆ ಕೆಲಸಕ್ಕೆ ಹೋಗುವ ಹುಡುಗ ಕಾಲೇಜಿನಲ್ಲಿ ಈ ವಸ್ತುವನ್ನು ಪುಸ್ತಕದಲ್ಲಿ ಮಾತ್ರ ನೋಡಿದ್ದರೆ ಸಾಲದು.

ಒಂದು ದುರಂತ, ಅದರಿಂದ ಕಲಿತದ್ದು

2008ರ ಡಿಸೆಂಬರ್ 29ರಂದು ಅಮೆರಿಕದ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ 23 ವರ್ಷದ ಒಬ್ಬ ಸಂಶೋಧನಾ ಸಹಾಯಕಿ ಟರ್ಷರಿ ಬ್ಯುಟೈಲ್ ಲಿಥಿಯಂ ಅನ್ನು ಸಿರಿಂಜಿನಲ್ಲಿ ತೆಗೆಯುತ್ತಿದ್ದಳು. ಸಿರಿಂಜಿನ ಹಿಡಿ ಕಳಚಿ ಹೊರಬಂತು. ದ್ರವಕ್ಕೆ ಗಾಳಿ ತಾಕಿತು, ಬೆಂಕಿ ಬಿತ್ತು. ಮೈಮೇಲೆ ಪ್ರಯೋಗಾಲಯದ ಕೋಟು ಇರಲಿಲ್ಲ. ತೊಟ್ಟಿದ್ದ ಸ್ವೆಟರು ಕೃತಕ ನೂಲಿನದಾಗಿತ್ತು, ಅದು ಹೊತ್ತಿಕೊಂಡಿತು. 18 ದಿನಗಳ ನಂತರ, 2009ರ ಜನವರಿ 16ರಂದು, ಅವಳು ತೀರಿಕೊಂಡಳು.

ಜಗತ್ತಿನ ಹೆಸರಾಂತ ವಿಶ್ವವಿದ್ಯಾಲಯಗಳಲ್ಲಿ ಒಂದರಲ್ಲಿ ಇದಾಯಿತು. ಪ್ರಕರಣ ನ್ಯಾಯಾಲಯಕ್ಕೆ ಹೋಯಿತು. 2012ರ ಒಪ್ಪಂದದಲ್ಲಿ ವಿಶ್ವವಿದ್ಯಾಲಯವು ಸುರಕ್ಷತೆಯ ಕ್ರಮಗಳನ್ನು ಒಪ್ಪಿಕೊಂಡಿತಲ್ಲದೆ, ಅವಳ ಹೆಸರಿನಲ್ಲಿ 5 ಲಕ್ಷ ಡಾಲರಿನ ವಿದ್ಯಾರ್ಥಿವೇತನವನ್ನೂ ಸ್ಥಾಪಿಸಿತು. ಆ ಸಾಲನ್ನು ಓದಿದಾಗ ನಮ್ಮ ಸಮಿತಿಯಲ್ಲಿ ಮಾತು ನಿಂತಿತು. ಹೋದ ಮಗುವಿನ ಹೆಸರಿನಲ್ಲಿ ವಿದ್ಯಾರ್ಥಿವೇತನ ಕೊಡುವುದು ಒಳ್ಳೆಯದೇ. ಇರುವ ಮಗುವಿಗೆ ಕೋಟು ಕೊಡುವುದು ಅದಕ್ಕಿಂತ ಮೊದಲು ಆಗಬೇಕಾದ ಕೆಲಸ.

ನಮ್ಮ ದೇಶಕ್ಕೂ ನೀರು ಸೇರಬಾರದ ರಾಸಾಯನಿಕದ ನೆನಪಿದೆ. 1984ರ ಡಿಸೆಂಬರಿನ ರಾತ್ರಿ ಭೋಪಾಲಿನ ಕಾರ್ಖಾನೆಯಲ್ಲಿ ಮೀಥೈಲ್ ಐಸೊಸಯನೇಟ್ ತುಂಬಿದ್ದ ಟ್ಯಾಂಕಿಗೆ ನೀರು ಸೇರಿದ ಮೇಲೆ ಏನಾಯಿತೆಂಬುದು ಎಲ್ಲರಿಗೂ ಗೊತ್ತು. ವಸ್ತು ಬೇರೆ, ಪಾಠ ಒಂದೇ. ಯಾವುದರ ಜೊತೆ ಯಾವುದು ಸೇರಬಾರದು ಎಂಬುದು ಕೆಲಸ ಮಾಡುವ ಕಟ್ಟಕಡೆಯ ಮನುಷ್ಯನಿಗೂ ಗೊತ್ತಿರಬೇಕು.

ಆದ್ದರಿಂದ ಮಕ್ಕಳಿಗೆ ನಾಲ್ಕು ಮಾತು. ಒಂದು, ಇಂಥ ವಸ್ತುವನ್ನು ಒಬ್ಬರೇ ಇದ್ದಾಗ ಮುಟ್ಟಬೇಡಿ. ಬಲ್ಲವರು ಪಕ್ಕದಲ್ಲಿ ನಿಂತು ತೋರಿಸಿಕೊಡದೆ ಮೊದಲ ಸಲ ಮಾಡಬೇಡಿ. ಎರಡು, ಪಾತ್ರೆ ಒಣಗಿರಬೇಕು. ನಮ್ಮ ಮಲೆನಾಡಿನ ಅಂಚಿನ ಕಲಘಟಗಿಯಲ್ಲಿ ಮಳೆಗಾಲದಲ್ಲಿ ಉಪ್ಪಿನ ಡಬ್ಬಿಯೇ ನೀರೊಡೆಯುತ್ತದೆ, ಕುಂದಗೋಳದ ಕಡೆ ಒಣಗಿಸಿದ ಮೆಣಸಿನಕಾಯಿಗೆ ತೇವ ಹತ್ತಿದರೆ ಬೂಸಲು ಬರುತ್ತದೆ. ಕಣ್ಣಿಗೆ ಕಾಣದ ಆ ತೇವವೇ ಇಲ್ಲಿ ಶತ್ರು. ಗಾಜನ್ನು ಒಲೆಯಲ್ಲಿ ಕಾಯಿಸಿ, ಸಾರಜನಕ ಹಾಯಿಸಿ, ಆಮೇಲೆ ಕೆಲಸ. ಮೂರು, ಸಿರಿಂಜನ್ನು ಪೂರ್ತಿ ತುಂಬಬೇಡಿ. ಪ್ರಮಾಣ ಹೆಚ್ಚಿದ್ದರೆ ನಳಿಗೆಯ ಮೂಲಕ ಹಾಯಿಸುವ ವಿಧಾನ ಕಲಿಯಿರಿ.

ನಾಲ್ಕನೆಯದು ಬಟ್ಟೆ. ಪಾಲಿಯೆಸ್ಟರ್ ಉರಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಹತ್ತಿಯೂ ಉರಿಯುತ್ತದೆ, ಆದರೆ ಕರಗುವುದಿಲ್ಲ. ಎರೆ ನೆಲದ ಹತ್ತಿ ಬೆಳೆಯುವ ನಮ್ಮ ನಾಡಿನ ಮಕ್ಕಳು ಪ್ರಯೋಗಾಲಯಕ್ಕೆ ಪಾಲಿಯೆಸ್ಟರ್ ತೊಟ್ಟು ಹೋಗಬೇಕಾಗಿಲ್ಲ. ಒಳಗೆ ಹತ್ತಿ ಬಟ್ಟೆ, ಮೇಲೆ ಹತ್ತಿಯ ಕೋಟು. ಗಾಳಿಯಲ್ಲಿ ಉರಿಯುವ ವಸ್ತುವಿನ ಕೆಲಸವಿದ್ದರೆ ಬೆಂಕಿ ತಡೆಯುವ ಬಟ್ಟೆಯ ಕೋಟು. ತಲೆಗೆ ಸ್ಕಾರ್ಫ್ ಕಟ್ಟುವ ಹೆಣ್ಣುಮಕ್ಕಳು ಅದನ್ನು ಹತ್ತಿಯದೇ ಇಟ್ಟುಕೊಳ್ಳಿ, ತುದಿಗಳನ್ನು ಕೋಟಿನ ಒಳಗೆ ಸೇರಿಸಿ. ಜೋತುಬೀಳುವ ದುಪಟ್ಟಾ ಬೇಡ. ಪರದೆಗೂ ಸುರಕ್ಷತೆಗೂ ಜಗಳವಿಲ್ಲ, ಬಟ್ಟೆ ಆರಿಸುವುದರಲ್ಲಿ ಎಚ್ಚರವಿದ್ದರೆ ಆಯಿತು.

ಈ ವರ್ಷ ನಾವು ಮಾಡಿರುವ ನಿರ್ಣಯ

ದಾನಿಗಳೇ, ಈ ಎಲ್ಲ ಕಾರಣಗಳಿಂದ ವಿಜ್ಞಾನದ ಪದವಿ ಮತ್ತು ಸ್ನಾತಕೋತ್ತರ ವಿದ್ಯಾರ್ಥಿಗಳ ವಿದ್ಯಾರ್ಥಿವೇತನದಲ್ಲಿ ಪ್ರಯೋಗಾಲಯದ ಕೋಟು, ಕಣ್ಣಿನ ರಕ್ಷಣೆಯ ಕನ್ನಡಕ ಮತ್ತು ಕೈಗವಸುಗಳನ್ನು ಈ ಸಾಲಿನಿಂದ ಸೇರಿಸಿದ್ದೇವೆ. ಇದನ್ನು ಫೀಸಿನ ಹಣದಿಂದ ಕಡಿತ ಮಾಡುವುದಿಲ್ಲ. ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಾನವಾಗಿ ಕೊಡುತ್ತೇವೆ. ವಸ್ತುವಿನ ರೂಪದಲ್ಲೇ ಕೊಡುತ್ತೇವೆ. ಮನೆಯ ಕಷ್ಟದಲ್ಲಿ ಕೋಟಿನ ಹಣ ಬೇರೆಡೆಗೆ ಹೋಗುವುದು ಸಹಜ, ಅದಕ್ಕೆ ಯಾರನ್ನೂ ದೂರುವುದಿಲ್ಲ.

ಪಾಲಕರಿಗೆ ಮುಂದಿನ ದಾರಿಯನ್ನೂ ಹೇಳುತ್ತೇವೆ. ಹನ್ನೆರಡನೇ ತರಗತಿಯಲ್ಲಿ ತಮ್ಮ ಮಂಡಳಿಯ ಮೇಲಿನ ಶೇ. 1ರೊಳಗೆ ಬಂದು ಮೂಲವಿಜ್ಞಾನದ ಪದವಿ ಸೇರಿದವರಿಗೆ ಕೇಂದ್ರ ಸರ್ಕಾರದ ಇನ್‌ಸ್ಪೈರ್ ಯೋಜನೆಯಲ್ಲಿ ವರ್ಷಕ್ಕೆ 80,000 ರೂಪಾಯಿಯ ವಿದ್ಯಾರ್ಥಿವೇತನವಿದೆ. ಬಿ.ಎಸ್ಸಿ. ನಂತರ ಐಐಟಿಗಳಲ್ಲಿ ಎಂ.ಎಸ್ಸಿ. ಓದಲು ಜಾಮ್ ಎಂಬ ಪ್ರವೇಶ ಪರೀಕ್ಷೆ ಇದೆ. 1949ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿಶ್ವವಿದ್ಯಾಲಯ ನಮ್ಮ ಧಾರವಾಡದಲ್ಲೇ ಇದೆ. 2016ರಿಂದ ಐಐಟಿಯೂ ಇದೆ. ಸಂಶೋಧನೆ ಮಾಡುವ ಅಲ್ಪಸಂಖ್ಯಾತ ಮಕ್ಕಳಿಗೆ ಇದ್ದ ಮೌಲಾನಾ ಆಜಾದ್ ಫೆಲೋಶಿಪ್ 2022-23ರಿಂದ ಹೊಸಬರಿಗೆ ನಿಂತುಹೋಗಿದೆ. ಆದರೆ ಸಿಎಸ್‌ಐಆರ್-ಯುಜಿಸಿ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಪಡೆದವರಿಗೆ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್ ಇದೆ, ಅದು ಎಲ್ಲರಿಗೂ ತೆರೆದ ಬಾಗಿಲು. ಆ ಪರೀಕ್ಷೆಯ ಪುಸ್ತಕಗಳಿಗೆ ನಮ್ಮ ಟ್ರಸ್ಟಿನಿಂದ ಅರ್ಜಿ ಹಾಕಬಹುದು.

ನವಲಗುಂದದ ಜಮಖಾನೆಗೆ ಭೌಗೋಳಿಕ ಗುರುತು ಸಿಕ್ಕಿದೆ, ಅದನ್ನು ನೇಯುವ ಕೈಗಳು ನಮ್ಮ ಹೆಣ್ಣುಮಕ್ಕಳ ಕೈಗಳು ಎಂಬ ಹೆಮ್ಮೆ ನಮಗಿದೆ. ಆ ಕಸುಬಿನ ಗುಟ್ಟು ಮನೆಯಿಂದ ಹೊರಗೆ ಹೋಗಬಾರದೆಂದು ಮಗಳಿಗೆ ಕಲಿಸದೆ ಸೊಸೆಗೆ ಕಲಿಸುತ್ತಿದ್ದರು ಎಂದು ಹಿರಿಯರು ಹೇಳುತ್ತಾರೆ. ಮಗಳು ನಾಳೆ ಬೇರೆ ಮನೆಗೆ ಹೋಗುವವಳು ಎಂಬ ಲೆಕ್ಕ. ನಾವು ಈಗ ಕಲಿಸಬೇಕಾದ ವಿದ್ಯೆ ಆ ಲೆಕ್ಕದ್ದಲ್ಲ. ಅವಳು ಎಲ್ಲಿಗೆ ಹೋದರೂ ಅವಳ ಜೊತೆಗೇ ಹೋಗುವ ವಿದ್ಯೆ. ಮಗಳು ಕೆಮಿಸ್ಟ್ರಿ ಓದುತ್ತೇನೆ ಎಂದರೆ ಅಪಾಯವಿದೆ ಎಂದು ತಡೆಯಬೇಡಿ. ಅಪಾಯವನ್ನು ಗುರುತಿಸಲು ಕಲಿಯುವುದೇ ಆ ಓದಿನ ಅರ್ಧ ಭಾಗ. ಗ್ಯಾಸ್ ಒಲೆ ಮನೆಗೆ ಬಂದಾಗ ನಮ್ಮ ತಾಯಂದಿರು ಹೆದರಿ ಅಡುಗೆ ಬಿಡಲಿಲ್ಲ. ರೆಗ್ಯುಲೇಟರ್ ಮುಚ್ಚುವುದನ್ನು ಕಲಿತರು.

ವಿದ್ಯಾರ್ಥಿವೇತನದ ಅರ್ಜಿ ನಮೂನೆಗಳು ಸಭೆಯ ಹೊರಗಿನ ಮೇಜಿನ ಮೇಲೆ ಇವೆ. ಆಧಾರ್ ಪ್ರತಿ, ಹಿಂದಿನ ವರ್ಷದ ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಪಾಸ್‌ಬುಕ್ಕಿನ ಮೊದಲ ಪುಟ, ಕಾಲೇಜಿನ ಫೀಸ್ ರಸೀದಿ ಲಗತ್ತಿಸಬೇಕು. ವಿಜ್ಞಾನದ ವಿದ್ಯಾರ್ಥಿಗಳು ಈ ಸಲ ಇನ್ನೊಂದು ಅಂಕಣ ತುಂಬಬೇಕು: ಕೋಟಿನ ಅಳತೆ. ಅದನ್ನು ಖಾಲಿ ಬಿಡಬೇಡಿ.

ಕೊಟ್ಟವರ ದಾನವನ್ನು ಅಲ್ಲಾಹನು ಸ್ವೀಕರಿಸಲಿ, ಕಲಿಯುವ ಮಕ್ಕಳ ಕೈಗಳನ್ನು ಕಾಯಲಿ.